‘ಮತ್ತು ತಂಡ’ ಅಂದರೆ ಯಾರು?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗೋ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ಸಿಗುತ್ತೆ. ವಡೆಗೆ ಹೆಸರಾದ ಮದ್ದೂರಲ್ಲ, ಇದು ಬಂಡೀಪುರ ಕಾಡಿನ ಬಾಗಿಲು. ರಾತ್ರಿ 9 ಗಂಟೆಗೆ ಗೇಟ್ ಬಿತ್ತು ಅಂದ್ರೆ ಮುಗೀತು. ಬೆಳಗ್ಗೆ 6ರ ತನಕ ಅಲ್ಲೇ ಕೂರಬೇಕು. 2009ರಲ್ಲಿ ಈ ರಾತ್ರಿ ಸಂಚಾರ ನಿಷೇಧ ಶುರುವಾಯ್ತು, 2010ರಲ್ಲಿ ಹೈಕೋರ್ಟ್ ಅದನ್ನ ಎತ್ತಿಹಿಡೀತು. ಆಗ ನಾನಿನ್ನೂ ಸ್ಟುಡಿಯೋ ಕುರ್ಚಿ ಕಂಡವನಲ್ಲ. ಕೈಯಲ್ಲೊಂದು ಮೈಕು, ಜೊತೆಗೊಬ್ಬ ಕ್ಯಾಮೆರಾಮನ್. ಗೇಟಿನ ಮುಂದೆ ಸಾಲುಗಟ್ಟಿದ ಲಾರಿ, ಕೊಳೀತಾ ಇರೋ ತರಕಾರಿ, ಡ್ರೈವರ್‌ಗಳ ಸಿಟ್ಟು, ಇಷ್ಟು ತಗೊಂಡು ಬಾ ಅಂತ ಆಫೀಸಿನಿಂದ ಹೇಳಿ ಕಳಿಸಿದ್ದರು.

ಲಾರಿಗಳ ಮಧ್ಯೆ ಒಂದು ಹಳೇ ಮೆಟಡೋರ್ ನಿಂತಿತ್ತು. ಪಕ್ಕದಲ್ಲಿ ಒಬ್ಬ ಜಾದೂಗಾರನ ಬಣ್ಣದ ಚಿತ್ರ. ತಲೆಗೆ ಪೇಟ, ಪೇಟಕ್ಕೊಂದು ಗರಿ, ಕೈಯಲ್ಲಿ ದಂಡ. ಹೆಸರು ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ‘ಮತ್ತು ತಂಡ’ ಅಂತಿತ್ತು. ವ್ಯಾನಿನ ಹಿಂದೆ ಸ್ಟವ್ ಹಚ್ಚಿಕೊಂಡು ಒಬ್ಬ ಹೆಂಗಸು ಉಪ್ಪಿಟ್ಟು ಕೆದಕ್ತಾ ಇದ್ದರು. ಪಕ್ಕದಲ್ಲಿ ಲುಂಗಿ ಉಟ್ಟ ಗಂಡ. ಮಾರನೇ ದಿನ ಮಧ್ಯಾಹ್ನ ವಯನಾಡಿನ ಒಂದು ಶಾಲೆಯಲ್ಲಿ ಇವರ ಶೋ.

‘ತಂಡ ಎಲ್ಲಮ್ಮಾ? ಬಸ್ಸಲ್ಲಿ ಮುಂದೆ ಹೋದ್ರಾ?’ ಅಂದೆ.

ಆಕೆ ಸೌಟು ಎತ್ತಿ ತನ್ನ ಎದೆ ಕಡೆ ತೋರಿಸಿದರು. ‘ಆ ತಂಡ ನಾನೇ ಸರ್.’

ನಾವೆಲ್ಲ ನಕ್ಕೆವು. ಗಂಡನೂ ನಕ್ಕ. ಆಮೇಲೆ ಆಕೆ ತಮ್ಮ ಕೆಲಸ ಹೇಳಿದರು. ಮೂರಡಿ ಪೆಟ್ಟಿಗೆಯಲ್ಲಿ ಮೊಣಕಾಲು ಗದ್ದಕ್ಕೆ ತಾಗೋ ಹಾಗೆ ಮಡಚಿಕೊಂಡು ಕೂರೋದು. ಹೊರಗಿಂದ ಕತ್ತಿ ಬರುವಾಗ ಕತ್ತಲಲ್ಲೇ ದಾರಿ ಬಿಡೋದು. ಒಂದು ಸಾರಿ ಬಿಡೋದು ತಡವಾಗಿತ್ತಂತೆ, ಮುಂಗೈ ಮೇಲೆ ಬೆರಳುದ್ದದ ಗಾಯದ ಗುರುತು. ‘ಜಗಳ ಆಡಿದ ದಿನ ಭಯ ಆಗಲ್ವಾ?’ ಅಂತ ನಾನು ಪೋಲಿ ಪ್ರಶ್ನೆ ಕೇಳಿದೆ. ಆಕೆ ತಮಾಷೆ ಮಾಡಲಿಲ್ಲ. ‘ಜಗಳ ಆಡಿದ ದಿನ ಇವ್ರು ಕತ್ತಿ ನಿಧಾನಕ್ಕೆ ಹಾಕ್ತಾರೆ ಸರ್. ಅವತ್ತೇ ವಸಿ ಕಷ್ಟ. ಲೆಕ್ಕ ತಪ್ತದೆ.’

ಆ ರಾತ್ರಿಯಿಂದ ಶುರುವಾದ ಹುಚ್ಚು ನನ್ನದು. ಜಾದೂವಿನ ಇತಿಹಾಸ ಅಂತ ಎಲ್ಲಿ ಸಿಕ್ಕಿದ್ರೂ ಓದ್ತೀನಿ. ಓದ್ತಾ ಓದ್ತಾ ಗೊತ್ತಾಗಿದ್ದು, ಈ ‘ಮತ್ತು ತಂಡ’ದ ಕಥೆ ಬರೀ ನಮ್ಮ ಗುಂಡ್ಲುಪೇಟೆಯದ್ದಲ್ಲ.

ಮೊದಲು ನಮ್ಮೂರಿನದ್ದೇ ನೋಡೋಣ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಕುರ್ಚಿ ಕಳ್ಕೊಳ್ತಾರೆ ಅಂತ ವರ್ಷಗಟ್ಟಲೆ ನಾವೇ ಟೀವಿಯವರು ಡಂಗುರ ಹೊಡೆದ್ವಿ. ಅದೂ ಒಂಥರಾ ಕಣ್ಕಟ್ಟೇ ಬಿಡಿ. ಆದರೆ ಆ ಊರಿನ ಅಸಲಿ ಸೊಗಸು ಆಷಾಢದಲ್ಲಿದೆ. ಊರಿನ ಹಳೇ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ 1818ರಲ್ಲಿ ಚಾಮರಾಜನಗರ ಅಂತ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಆ ದೇವರ ತೇರು ನಡೆಯೋದು ಆಷಾಢದಲ್ಲಿ. ಹೊಸದಾಗಿ ಮದುವೆಯಾದ ಹೆಣ್ಣು ತವರಲ್ಲಿರೋ ತಿಂಗಳು ಅದು. ಗಂಡ ಹೆಂಡತಿ ಬೇರೆ ಬೇರೆ. ಆದರೆ ಈ ಒಂದು ಜಾತ್ರೆಗೆ ಮಾತ್ರ ಜೋಡಿಯಾಗಿ ಬಂದು ತೇರಿಗೆ ಹಣ್ಣು ಜವನ ಎಸೀತಾರೆ. 2017ರಲ್ಲಿ ಕಿಡಿಗೇಡಿ ಕೃತ್ಯಕ್ಕೆ ಹಳೇ ತೇರು ಸುಟ್ಟುಹೋಯ್ತು. ಹೊಸ ತೇರು ಎಳೆದಿದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮದುವೆಯಾದ ಜೋಡಿಗಳಿಗೆ ತೇರೇ ಇರಲಿಲ್ಲ.

ಇಂಥ ಜಾತ್ರೆಗಳಲ್ಲಿ ನೀವೂ ಒಂದು ಆಟ ನೋಡಿರ್ತೀರಿ. ನೆಲದ ಮೇಲೆ ಹೆಂಡತಿ ಮಲಗಿರ್ತಾಳೆ, ಕಣ್ಣಿಗೆ ಕಪ್ಪು ಬಟ್ಟೆ. ಗಂಡ ಜನರ ಮಧ್ಯೆ ಓಡಾಡ್ತಾ ಕೇಳ್ತಾನೆ. ‘ಇವರ ಕೈಲಿ ಏನದೆ? ಬೇಗ ಹೇಳು.’ ‘ವಾಚು.’ ‘ಇವರತ್ರ? ನೋಡಿ ಹೇಳು.’ ‘ಹತ್ತು ರೂಪಾಯಿ ನೋಟು.’ ಜನ ಬಾಯಿ ಬಿಟ್ಕೊಂಡು ನೋಡ್ತಾರೆ. ಗುಟ್ಟು ಎಲ್ಲಿದೆ? ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ. ‘ಬೇಗ ಹೇಳು’ ಅಂದ್ರೆ ಒಂದು ವಸ್ತು, ‘ನೋಡಿ ಹೇಳು’ ಅಂದ್ರೆ ಇನ್ನೊಂದು. ಗಂಡ ಮಾತಾಡ್ತಾ ಇದ್ದಾನೆ, ಅವನೇ ಮಂತ್ರವಾದಿ ಅಂತ ನಮಗೆ ಕಾಣುತ್ತೆ. ನೂರಾರು ಸಂಕೇತ ತಲೆಯಲ್ಲಿಟ್ಟುಕೊಂಡು, ಕಣ್ಣು ಕಟ್ಟಿಸಿಕೊಂಡು, ಸದ್ದುಗದ್ದಲದಲ್ಲಿ ಒಂದಕ್ಷರವೂ ತಪ್ಪದ ಹಾಗೆ ಬಿಡಿಸ್ತಿರೋಳು ಕೆಳಗೆ ಮಲಗಿದವಳು.

ಈ ಕೆಲಸದ ಕಷ್ಟ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನನ್ನ ಕಿವಿಯಲ್ಲೂ ಒಬ್ಬರು ಕೂತಿರ್ತಾರೆ. ನಾನು ನಿಮ್ಮ ಜೊತೆ ಮಾತಾಡುವಾಗಲೇ ಪಿಸಿಆರ್‌ನಿಂದ ಪ್ರೊಡ್ಯೂಸರ್ ‘ಇಪ್ಪತ್ತು ಸೆಕೆಂಡ್, ಮುಗಿಸಿ’ ಅಂತಿರ್ತಾರೆ. ನೀವು ನನ್ನನ್ನ ಜಾಣ ಅಂದ್ಕೊಳ್ತೀರಿ.

ಇದೇ ಆಟವನ್ನ ಜಗತ್ಪ್ರಸಿದ್ಧ ಹೌದಿನಿಯೂ ಆಡಿದ್ದ. ಸಂಕೋಲೆ ಬಿಚ್ಚಿಕೊಳ್ಳೋ ಹೌದಿನಿ ಎಲ್ಲರಿಗೂ ಗೊತ್ತು. ಅವನ ಹೆಂಡತಿ ಬೆಸ್ ಗೊತ್ತಾ? 1894ರಲ್ಲಿ ಇಬ್ಬರೂ ಮದುವೆಯಾದಾಗ ಆಕೆ ಹಾಡಿ ಕುಣಿಯೋ ತಂಡದಲ್ಲಿದ್ದ ಹದಿನೆಂಟರ ಹುಡುಗಿ. ಮನಸ್ಸು ಓದೋ ಆಟಕ್ಕೆ ಅವರಿಬ್ಬರ ಸಂಕೇತ ಹೀಗಿತ್ತು: ‘ಪ್ರೇ’ ಅಂದರೆ 1, ‘ಆನ್ಸರ್’ ಅಂದರೆ 2, ‘ಸೇ’ ಅಂದರೆ 3, ‘ನೌ’ ಅಂದರೆ 4. ಹೀಗೆ ಹತ್ತರವರೆಗೆ. ಸಂಖ್ಯೆಯಿಂದ ಅಕ್ಷರ, ಅಕ್ಷರದಿಂದ ಪದ. ಇನ್ನು ಪೆಟ್ಟಿಗೆ ಆಟ. ಹೌದಿನಿಯ ಕೈ ಕಟ್ಟಿ, ಚೀಲಕ್ಕೆ ತುಂಬಿ, ಟ್ರಂಕಿನಲ್ಲಿ ಹಾಕಿ ಬೀಗ. ಬೆಸ್ ಪರದೆ ಎಳೆದು ಮೂರು ಸಲ ಚಪ್ಪಾಳೆ ತಟ್ಟಬೇಕು. ಮೂರನೇ ಚಪ್ಪಾಳೆ ಮುಗಿಯೋದ್ರೊಳಗೆ ಪರದೆ ಸರಿಸಿ ನಿಂತವನು ಹೌದಿನಿ. ಟ್ರಂಕ್ ತೆಗೆದರೆ ಚೀಲದೊಳಗೆ ಕೈ ಕಟ್ಟಿಸಿಕೊಂಡ ಬೆಸ್! ಮೊದಲು ಈ ಆಟವನ್ನ ಅವನು ತಮ್ಮನ ಜೊತೆ ಆಡ್ತಿದ್ದ. ಪುಟ್ಟ ಮೈಕಟ್ಟಿನ ಬೆಸ್ ಬಂದ ಮೇಲೆ ಆಟಕ್ಕೆ ಮಿಂಚಿನ ವೇಗ ಬಂತು. ಹೊರಬಂದವನ ಹೆಸರು ಇತಿಹಾಸಕ್ಕೆ ಸೇರಿತು. ಒಳಗೆ ಹೋದವಳು ಶ್ರೀಮತಿ ಹೌದಿನಿ, ಅಷ್ಟೇ. 1926ರ ಅಕ್ಟೋಬರ್ 31ಕ್ಕೆ ಅವನು ಸತ್ತ. ‘ಸತ್ತ ಮೇಲೂ ಸಂಕೇತ ಕಳಿಸ್ತೀನಿ’ ಅಂತ ಇಬ್ಬರ ನಡುವೆ ಮಾತಾಗಿತ್ತು. ಆಕೆ ಹತ್ತು ವರ್ಷ ಕಾದಳು. 1936ರಲ್ಲಿ ಹಾಲಿವುಡ್‌ನ ಒಂದು ಹೋಟೆಲ್ ಛಾವಣಿ ಮೇಲೆ ಕೊನೇ ಸಲ ಕಾದು, ಅವನ ಫೋಟೋ ಪಕ್ಕದ ದೀಪ ಆರಿಸಿದಳು.

ಹೆಣ್ಣನ್ನ ಗರಗಸದಲ್ಲಿ ಕೊಯ್ಯೋ ಆಟ ಬಂದಿದ್ದು ಅದಕ್ಕೂ ಮೊದಲೇ. 1921ರ ಜನವರಿ 17, ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಎಂಪೈರ್. ಪಿ. ಟಿ. ಸೆಲ್ಬಿಟ್ ಅನ್ನೋನು ಬೆಟ್ಟಿ ಬಾರ್ಕರ್ ಅನ್ನೋ ಹುಡುಗಿಯನ್ನ ಪೆಟ್ಟಿಗೆಯಲ್ಲಿ ಮಲಗಿಸಿ ಮರದ ಗರಗಸ ಎಳೆದ. ಬ್ರಿಟನ್ನಿನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕು ಮೂರೇ ವರ್ಷ ಆಗಿತ್ತು, ಅದೂ ಎಲ್ಲರಿಗಲ್ಲ, ಮೂವತ್ತು ದಾಟಿದವರಿಗೆ. ಆ ಹಕ್ಕಿಗಾಗಿ ಹೋರಾಡಿದ ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್‌ಗೆ ಇದೇ ಸೆಲ್ಬಿಟ್ ‘ವಾರಕ್ಕೆ 20 ಪೌಂಡ್ ಕೊಡ್ತೀನಿ, ಬಂದು ಕೊಯ್ಯಿಸಿಕೊಳ್ಳಿ’ ಅಂತ ಆಹ್ವಾನ ಕೊಟ್ಟ. ಆಕೆ ಒಪ್ಪಲಿಲ್ಲ. ಪ್ರಚಾರ ಮಾತ್ರ ಭರ್ಜರಿಯಾಗಿ ಸಿಕ್ತು. ಈ ಒಂದು ಪ್ರಸಂಗದಲ್ಲಿ ಎಲ್ಲಾ ಇದೆ, ನಾನೇನೂ ಸೇರಿಸಬೇಕಿಲ್ಲ.

ನನ್ನ ವೃತ್ತಿಯವನೊಬ್ಬ ಈ ಆಟಕ್ಕೆ ಸಿಕ್ಕಿಬಿದ್ದಿದ್ದನ್ನ ಮಾತ್ರ ಹೇಳಲೇಬೇಕು. 1956ರ ಏಪ್ರಿಲ್ 9. ಬಿಬಿಸಿಯ ಪನೋರಮಾ, ನೇರ ಪ್ರಸಾರ. ನಮ್ಮ ಬಂಗಾಳದ ಪಿ. ಸಿ. ಸರ್ಕಾರ್ ವೇದಿಕೆ ಮೇಲೆ. ಮೇಜಿನ ಮೇಲೆ ಹದಿನೇಳರ ದೀಪ್ತಿ ಡೇ. ತಿರುಗೋ ಗರಗಸ ಹಾದುಹೋಯ್ತು. ಸರ್ಕಾರ್ ಆಕೆಯನ್ನ ಎಬ್ಬಿಸಿದರು. ಏಳಲಿಲ್ಲ. ಕೈ ಉಜ್ಜಿದರು. ಏಳಲಿಲ್ಲ. ಮುಖದ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ಆ ಕ್ಷಣಕ್ಕೆ ನಿರೂಪಕ ರಿಚರ್ಡ್ ಡಿಂಬಲ್‌ಬಿ ಕ್ಯಾಮೆರಾ ಮುಂದೆ ಬಂದು ಕಾರ್ಯಕ್ರಮ ಮುಗೀತು ಅಂದುಬಿಟ್ಟರು. ಬಿಬಿಸಿಗೆ ಫೋನ್ ಮೇಲೆ ಫೋನ್. ಕೊಲೆಯನ್ನೇ ನೇರ ಪ್ರಸಾರದಲ್ಲಿ ನೋಡಿದ್ವಿ ಅಂತ ಜನ ನಂಬಿಬಿಟ್ಟಿದ್ದರು. ಸಮಯ ಮೀರಿತ್ತು, ಹುಡುಗಿ ಚೆನ್ನಾಗಿದ್ದಾಳೆ ಅಂತ ಬಿಬಿಸಿ ಹೇಳಬೇಕಾಯ್ತು. ಮಾರನೇ ದಿನ ಪತ್ರಿಕೆಗಳ ತುಂಬ ಸರ್ಕಾರ್. ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನ ಅವರ ಪ್ರದರ್ಶನಕ್ಕೆ ಟಿಕೆಟ್ ಸಿಗದ ಹಾಗಾಯ್ತು.

ಆ ಸಂಜೆ ನಿಜವಾಗಿ ಕೆಲಸ ಮಾಡಿದ್ದು ಏನು? ಒಬ್ಬ ಹುಡುಗಿ ಲಕ್ಷಾಂತರ ಜನರ ಎದುರು, ಕಣ್ರೆಪ್ಪೆ ಕೂಡ ಆಡಿಸದೆ, ಹೆಣದ ಹಾಗೆ ಮಲಗಿದ್ದು. ದೀಪ್ತಿ ಸರ್ಕಾರ್ ಅವರ ಹೆಂಡತಿಯಲ್ಲ, ತಂಡದವಳು. ಆದರೆ ಬಹಳ ಕಡೆ ಈ ಜಾಗದಲ್ಲಿ ಹೆಂಡತಿಯೇ ಇರ್ತಾಳೆ. ಯಾಕೆ? ಪ್ರೀತಿ ಅಂತೀರಿ. ಅದೂ ಇರಬಹುದು. ಆದರೆ ಜಾದೂಗಾರನ ಬಂಡವಾಳ ಅಂದರೆ ಗುಟ್ಟು. ಸಂಬಳಕ್ಕೆ ಬಂದವಳು ನಾಳೆ ಇನ್ನೊಂದು ಕಂಪನಿಗೆ ಹೋದರೆ ಗುಟ್ಟೂ ಜೊತೆಗೆ ಹೋಗುತ್ತೆ. ಹೆಂಡತಿ ಎಲ್ಲಿಗೆ ಹೋಗ್ತಾಳೆ? ಮೇಲಾಗಿ ಸಂಬಳವೂ ಇಲ್ಲ.

ಚಂಗ್ ಲಿಂಗ್ ಸೂ ಅಂತ ಒಬ್ಬ ‘ಚೀನೀ’ ಜಾದೂಗಾರ ಇದ್ದ. ಅಸಲಿಗೆ ಅಮೆರಿಕದ ವಿಲಿಯಂ ರಾಬಿನ್ಸನ್. ಹೆಂಡತಿ ಡಾಟ್ ಕೂಡ ಚೀನೀ ಹೆಣ್ಣಿನ ವೇಷ ಹಾಕ್ತಿದ್ದಳು. ಕೊನೇ ವರ್ಷಗಳಲ್ಲಿ ಅವನಿಗೆ ಬೇರೊಂದು ಸಂಸಾರವಿತ್ತು, ಮಕ್ಕಳೂ ಇದ್ದರು. ಆದರೂ ವೇದಿಕೆಯಲ್ಲಿ ಅವನ ಪಕ್ಕ ಡಾಟ್ ಇರಲೇಬೇಕಿತ್ತು, ಗುಟ್ಟುಗಳೆಲ್ಲ ಆಕೆಗೆ ಗೊತ್ತಿದ್ದವು. 1918ರ ಮಾರ್ಚ್ 23ರಂದು ಲಂಡನ್ನಿನ ವುಡ್ ಗ್ರೀನ್ ಎಂಪೈರಿನಲ್ಲಿ ಗುಂಡು ಹಿಡಿಯೋ ಆಟ. ಸವೆದಿದ್ದ ಬಂದೂಕಿನಿಂದ ನಿಜವಾದ ಗುಂಡೇ ಹಾರಿತು. ಮಾರನೇ ದಿನ ಅವನು ಸತ್ತ. ವಿಚಾರಣೆಯಲ್ಲಿ ಡಾಟ್ ಸಾಕ್ಷಿ ಹೇಳಬೇಕಾಯ್ತು. ಅಷ್ಟು ವರ್ಷ ಕಾಪಾಡಿದ ಆಟದ ಗುಟ್ಟು ಅಲ್ಲಿ ಎಲ್ಲರೆದುರು ಬಯಲಾಯ್ತು.

ಈ ಸಾಲಲ್ಲಿ ಬೇರೆ ದಾರಿ ಹಿಡಿದವಳು ಅಡಿಲೇಡ್ ಹರ್ಮನ್. ಗಂಡ ಅಲೆಕ್ಸಾಂಡರ್ ಹರ್ಮನ್ ಅಮೆರಿಕದ ದೊಡ್ಡ ಜಾದೂಗಾರ. 1896ರ ಡಿಸೆಂಬರಿನಲ್ಲಿ ಪ್ರವಾಸದ ರೈಲಿನಲ್ಲೇ ತೀರಿಕೊಂಡ. ಮರುತಿಂಗಳೇ ಆಕೆ ನ್ಯೂಯಾರ್ಕಿನಲ್ಲಿ ತಾನೇ ಗುಂಡು ಹಿಡಿಯೋ ಆಟಕ್ಕೆ ಎದೆಯೊಡ್ಡಿ ನಿಂತಳು. ಮುಂದೆ ಮೂರು ದಶಕ ಅವಳದ್ದೇ ಹೆಸರಿನ ಶೋ. ಅಲ್ಲಾ, ಇಷ್ಟೆಲ್ಲ ಒಂದು ತಿಂಗಳಲ್ಲಿ ಕಲಿತಳಾ? ಇಪ್ಪತ್ತು ವರ್ಷದಿಂದ ಮಾಡ್ತಾನೇ ಇದ್ದಳು, ಯಾರೂ ನೋಡಿರಲಿಲ್ಲ.

ನಮ್ಮ ಕಂಪನಿ ನಾಟಕದಲ್ಲಿ ಹೀಗಾಗಲಿಲ್ಲ ನೋಡಿ. ಗುಬ್ಬಿ ವೀರಣ್ಣನವರ ಪತ್ನಿ ಬಿ. ಜಯಮ್ಮ ಅಂದರೆ ಜನ ಗಾಡಿ ಕಟ್ಟಿಕೊಂಡು ಬರ್ತಿದ್ದರು. ನಟಿ ಚೆನ್ನಾಗಿ ಮಾಡಿದಳು ಅಂತ ಪ್ರೇಕ್ಷಕ ಹೇಳಬಹುದು. ಜಾದೂವಿನಲ್ಲಿ ಹಾಗೆ ಹೇಳಿದ ಕ್ಷಣ ಆಟವೇ ಸತ್ತುಹೋಗುತ್ತೆ. ಅವಳು ಏನೂ ಮಾಡ್ತಿಲ್ಲ, ಸುಮ್ಮನೆ ನಗ್ತಾ ನಿಂತಿದ್ದಾಳೆ ಅಂತ ನಾವು ನಂಬಿದರೆ ಮಾತ್ರ ಗಂಡ ಮಂತ್ರವಾದಿ. ಅಂದರೆ ಅವಳ ಹೆಸರು ಅಳಿಸಿದ್ದು ಗಂಡಸಿನ ಜಂಬ ಮಾತ್ರ ಅಲ್ಲ, ಅದು ಆಟದ ಒಂದು ಭಾಗ. ಹಾಗಾಗಿಯೇ ಇದು ಸುಲಭಕ್ಕೆ ಸರಿಹೋಗುವ ಅನ್ಯಾಯವಲ್ಲ.

ಮದ್ದೂರಿನಿಂದ ನಾನು ಕಳಿಸಿದ ಸುದ್ದಿ ಪ್ರಸಾರವಾಯ್ತು. ಲಾರಿ ಡ್ರೈವರ್ ಇದ್ದ, ಟೀ ಅಂಗಡಿಯವನಿದ್ದ, ಜಾದೂಗಾರನ ಐದು ಸೆಕೆಂಡಿನ ಮಾತೂ ಇತ್ತು. ಆಕೆ ಇರಲಿಲ್ಲ. ಸ್ಕ್ರಿಪ್ಟ್ ಬರೆದವನು ನಾನೇ. ಯಾರೋ ಕತ್ತರಿಸಿದರು ಅಂತ ಹೇಳೋಕೆ ಬರಲ್ಲ.

2022ರಲ್ಲಿ ಹೊಸ ತೇರಿನ ಸುದ್ದಿ ಬಂದಾಗ ಹಳೇ ಡೈರಿಯಲ್ಲಿದ್ದ ವಿಸಿಟಿಂಗ್ ಕಾರ್ಡ್ ಹುಡುಕಿ ಫೋನ್ ಮಾಡಿದೆ. ಆಕೆಯೇ ಎತ್ತಿದರು. ಗಂಡನಿಗೆ ಕೈ ನಡುಕ ಶುರುವಾಗಿ ಶೋ ನಿಲ್ಲಿಸಿ ಮೂರು ವರ್ಷ ಆಗಿತ್ತಂತೆ. ಹಗ್ಗ, ಬುಟ್ಟಿ, ಕತ್ತಿ ಎಲ್ಲ ಮಾರಿದ್ದಾರೆ. ಪೆಟ್ಟಿಗೆ ಮಾತ್ರ ಹಾಗೇ ಇದೆ.

‘ಯಾರೂ ತಗೊಳ್ಳಲ್ವಾ?’

‘ಕೇಳ್ತಾರೆ ಸರ್. ನನ್ನ ಅಳತೆಗೆ ಮಾಡಿಸಿದ್ದು, ಬೇರೆಯೋರು ಹಿಡಿಸಲ್ಲ.’

ಅಡಿಲೇಡ್ ಹರ್ಮನ್ ಕಥೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡರು. ‘ನೀವೇ ಯಾಕೆ ಶೋ ಮಾಡಬಾರದು?’ ಅಂದೆ.

‘ಮೇಲೆ ನಿಂತ್ಕಂಡು ಮಾತಾಡೋದು ನಂಗೂ ಬತ್ತದೆ ಸರ್, ಅದೇನು ದೊಡ್ಡದಲ್ಲ’ ಅಂದರು. ‘ಒಳಗೆ ಹೋಗೋರು ಯಾರು?’