ಕಲ್ಯಾಣದ ಹುತಾತ್ಮರು ರಂಗದ ಮೇಲೆ

ಬಸವಣ್ಣನವರ ಕೂಡಲಸಂಗಮ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಹರಳಯ್ಯ, ಮಧುವರಸರ ಬಲಿದಾನದ ಕಥೆ ಈ ಸೀಮೆಯ ಮನೆಮಾತು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದ್ದಕ್ಕೆ ಕಲ್ಯಾಣದ ಕಲಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬೀಗರಿಬ್ಬರ ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ.

ಬಲಿದಾನವನ್ನು ರಂಗಕ್ಕೆ ತರುವವರಿಗೆ ದಾಖಲೆಯ ನೆರವು ಎಲ್ಲ ಕಡೆ ಸಿಗುವುದಿಲ್ಲ. 1431ರಲ್ಲಿ ನಡೆದ ಜೋನ್ ಆಫ್ ಆರ್ಕ್‌ಳ ವಿಚಾರಣೆಯ ಕಡತ ಉಳಿದಿತ್ತು. ಬರ್ನಾರ್ಡ್ ಷಾ 'ಸೇಂಟ್ ಜೋನ್' ಬರೆದದ್ದು ಅದರ ಬಲದಿಂದ. ಕಲ್ಯಾಣದ ಮಟ್ಟಿಗೆ ಅಂಥ ಕಡತವಿಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಅಲ್ಲಯ್ಯ, ಮಧುವಯ್ಯ ಎಂಬ ಹೆಸರಿನ ಶರಣರ ಕಣ್ಣು ಕೀಳಿಸಿದ ಪ್ರಸಂಗವಿದೆ. ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದ. ಪುರಾಣಕಾರರಿಗೆ ಮುಖ್ಯವಾದದ್ದು ಶಿಕ್ಷೆ ಮತ್ತು ಶಿವನ ಮಹಿಮೆ. ವಾದ, ಸಾಕ್ಷಿ, ತೀರ್ಪುಗಳನ್ನು ಕಟ್ಟಿಕೊಟ್ಟವರು ಆಧುನಿಕ ನಾಟಕಕಾರರು.

ವೃತ್ತಿರಂಗಭೂಮಿಯಲ್ಲಿ ಏಣಗಿ ಬಾಳಪ್ಪನವರ 'ಜಗಜ್ಯೋತಿ ಬಸವೇಶ್ವರ' ಭಕ್ತಿಯ ನಾಟಕವಾಗಿಯೇ ಹೆಸರು ಮಾಡಿತು. ಪಿ. ಲಂಕೇಶರ 'ಸಂಕ್ರಾಂತಿ' (1971) ದಿಕ್ಕು ಬದಲಿಸಿತು. ಕೆಳಜಾತಿಯ ರುದ್ರ, ಬ್ರಾಹ್ಮಣರ ಹುಡುಗಿ ಉಷೆ ಇವರ ಪ್ರೇಮ ಅಲ್ಲಿ ಅರಸನ ಮುಂದೆ ವಿಚಾರಣೆಗೆ ಬರುತ್ತದೆ; ಬಸವಣ್ಣನ ಸುಧಾರಣೆಯೂ ಪ್ರಶ್ನೆಗೊಳಗಾಗುತ್ತದೆ. ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' (1986) ಅದೇ ದುರಂತವನ್ನು ದುಡಿಯುವ ಜನರ ಕಡೆಯಿಂದ ನೋಡಿತು.

ಗಿರೀಶ ಕಾರ್ನಾಡರ 'ತಲೆದಂಡ' (1990) ಇವೆಲ್ಲಕ್ಕಿಂತ ಒಳಹೊಕ್ಕು ನೋಡುತ್ತದೆ. ಅರಮನೆಯ ತೀರ್ಪಿಗಿಂತ ಮೊದಲೇ ಶರಣರ ಮನೆಯಲ್ಲಿ ವಿಚಾರಣೆ ಶುರುವಾಗಿರುತ್ತದೆ. ಚರ್ಮ ಮುಟ್ಟಿಯೇ ಗೊತ್ತಿಲ್ಲದ ಮಗಳು ಸಮಗಾರರ ಮನೆಯಲ್ಲಿ ಬಾಳಬಲ್ಲಳೇ ಎಂಬುದು ಮಧುವರಸನ ಹೆಂಡತಿ ಲಲಿತಾಂಬೆಯ ಆತಂಕ. ಮುಂದಿನ ಅನಾಹುತವನ್ನು ಊಹಿಸಿ ಬಸವಣ್ಣನೂ ಹಿಂಜರಿಯುತ್ತಾನೆ. ಹೀಗೆ ಅಳುಕುವ ಮನುಷ್ಯರು ಮುಂದೆ ಸಾವಿಗೆ ಗುರಿಯಾಗುವುದರಿಂದಲೇ ಆ ಬಲಿದಾನ ಪವಾಡದ ಕಥೆಗಿಂತ ಆಳವಾಗಿ ನಾಟುತ್ತದೆ. ಮಂದಿರ ಮತ್ತು ಮಂಡಲ್ ವಿವಾದಗಳ ಹೊತ್ತಿನಲ್ಲಿ ಬಂದ ಈ ನಾಟಕ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಹಿಂದಿಯಲ್ಲಿ 'ರಕ್ತ ಕಲ್ಯಾಣ' ಎಂಬ ಹೆಸರಿನಿಂದ ದೆಹಲಿಯ ರಂಗವನ್ನೂ ಏರಿತು. ನಿರ್ದೇಶಿಸಿದವರು ಇಬ್ರಾಹಿಂ ಅಲ್ಕಾಜಿ.

ಶರಣರನ್ನು ಆರಾಧಿಸುವ ನಾಡಿನಲ್ಲಿ ಇಂಥ ಬರವಣಿಗೆ ಸಲೀಸಾಗಿರಲಿಲ್ಲ. ವಿಶ್ವವಿದ್ಯಾಲಯದ ಪಠ್ಯವಾಗಿದ್ದ 'ಮಹಾಚೈತ್ರ'ಕ್ಕೆ 1990ರ ದಶಕದ ನಡುವೆ ತೀವ್ರ ವಿರೋಧ ಎದ್ದು, ಅದನ್ನು ಕೈಬಿಡಬೇಕೆಂಬ ಒತ್ತಾಯ ಕೇಳಿಬಂತು. ವಚನಗಳ ವಿದ್ವಾಂಸ ಎಂ.ಎಂ. ಕಲಬುರ್ಗಿಯವರೂ 'ಕೆಟ್ಟಿತ್ತು ಕಲ್ಯಾಣ' ನಾಟಕ ಬರೆದರು. 1997ರಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ಶಿವಸಂಚಾರ ತಿರುಗಾಟ ಆರಂಭಿಸಿದ ಮೇಲೆ ಶರಣರ ನಾಟಕಗಳು ವರ್ಷವರ್ಷವೂ ನಾಡಿನ ಸಣ್ಣ ಊರುಗಳನ್ನು ಮುಟ್ಟತೊಡಗಿದವು.