ಪಾನನಿರೋಧ ಕಾಲದ ಶಿರಸಿ ಸೀಮೆ ಮತ್ತು ರಕ್ತಪರೀಕ್ಷೆಯ ಶಾಸನ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳೆಂಬ ಘಟ್ಟದ ಮೇಲಿನ ಸೀಮೆಯು 1862ರಿಂದ 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆ ಆಡಳಿತದ ಪಾನನಿರೋಧ ಶಾಸನವು ಕುಡಿದವನ ಅಪರಾಧವನ್ನು ಯಾವ ಬಗೆಯ ಸಾಕ್ಷ್ಯದಿಂದ ನಿರ್ಣಯಿಸುತ್ತಿದ್ದಿತೆಂಬುದನ್ನು ವಿಚಾರಿಸುವುದು ಇಲ್ಲಿ ನಮ್ಮ ಉದ್ದೇಶ.

1949ರ ಶಾಸನದಂತೆ 1950ರ ಏಪ್ರಿಲ್ 6ರಿಂದ ಮುಂಬಯಿ ರಾಜ್ಯದಲ್ಲೆಲ್ಲ ಪೂರ್ಣ ಪಾನನಿರೋಧವು ಜಾರಿಗೆ ಬಂದಿತು. ಕಳ್ಳಭಟ್ಟಿಯವನನ್ನು ಹಿಡಿಯಲು ಮಡಕೆಯುಂಟು, ನಳಿಗೆಯುಂಟು. ಬೈನೆಮರದ ಕಳ್ಳಿಳಿಸುವವನಿಗೆ ಮರವೇ ಸಾಕ್ಷಿ. ಕುಡಿದವನ ಅಪರಾಧವಾದರೋ ಅವನ ದೇಹದೊಳಗೇ ಅಡಗಿರುವುದು. ಬಾಯ ವಾಸನೆ, ಕಣ್ಣಿನ ಕೆಂಪು, ನಡಿಗೆಯ ತಡವರಿಕೆ ಇವೇ ಅದರ ಕುರುಹುಗಳಾಗಿದ್ದುವು.

ಈ ಕುರುಹುಗಳ ಬಲವೆಷ್ಟೆಂಬುದು ಮುಂಬಯಿಯ ಪೇಸಿಕಾಕಾ ಮೊಕದ್ದಮೆಯಲ್ಲಿ ಒರೆಗೆ ಬಂದಿತು. 1951ರಲ್ಲಿ ಜೀಪು ಅಪಘಾತವೊಂದರ ತರುವಾಯ ಪರೀಕ್ಷಿಸಿದ ವೈದ್ಯರು ಬಾಯಲ್ಲಿ ಮದ್ಯದ ವಾಸನೆಯುಂಟೆಂದರು. ಆದರೆ ಆತನ ಮಾತು ಸುಸಂಬದ್ಧವಾಗಿದ್ದಿತು, ಗೆರೆಯ ಮೇಲೆ ನೆಟ್ಟಗೆ ನಡೆಯಬಲ್ಲವನಾಗಿದ್ದನು. ಮದ್ಯಸಾರವುಳ್ಳ ಟಾನಿಕ್ಕನ್ನು ಕುಡಿದಿದ್ದೆನೆಂದು ಆತನ ವಾದ. ಔಷಧಗಳ ಮಟ್ಟಿಗೆ ನಿಷೇಧವು ಸಲ್ಲದೆಂದು ಬಲ್ಸಾರಾ ಮೊಕದ್ದಮೆಯಲ್ಲಿ 1951ರಲ್ಲಿಯೇ ತೀರ್ಮಾನವಾಗಿದ್ದುದರಿಂದ, ಕುಡಿದದ್ದು ನಿಷಿದ್ಧ ಮದ್ಯವೇ ಎಂದು ಸರಕಾರವೇ ಸಿದ್ಧಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ವಿಧಿಸಿತು. ಆಸವಾರಿಷ್ಟಗಳ ಶೀಸೆ ಮನೆಮನೆಯಲ್ಲಿರುವ ನಮ್ಮ ಸೀಮೆಗೆ ಇದು ಸಣ್ಣ ವಿಷಯವಲ್ಲ.

ರಕ್ತವನ್ನು ಅಳೆಯುವ ವಿದ್ಯೆ ಆಗ ಹೊಸದೇನೂ ಆಗಿರಲಿಲ್ಲ. ಸ್ವೀಡನ್ನಿನ ಲುಂಡ್ ನಗರದ ಎರಿಕ್ ವಿಡ್‌ಮಾರ್ಕನು 1922ರಲ್ಲಿಯೇ ಅದನ್ನು ರೂಪಿಸಿದ್ದನು. ಬೆರಳ ತುದಿಯ ಕೆಲವೇ ಹನಿ ರಕ್ತವನ್ನು ಪುಟ್ಟ ಬಟ್ಟಲಲ್ಲಿಟ್ಟು, ಗಂಧಕಾಮ್ಲ ಮತ್ತು ಪೊಟಾಸಿಯಂ ಡೈಕ್ರೋಮೇಟುಗಳಿರುವ ಕುಪ್ಪಿಯೊಳಗೆ ತೂಗಿಬಿಟ್ಟು ಬೆಚ್ಚಗಿಡುವುದು. ಆವಿಯಾದ ಮದ್ಯಸಾರವು ಡೈಕ್ರೋಮೇಟಿನಲ್ಲಿ ಒಂದಂಶವನ್ನು ವ್ಯಯಗೊಳಿಸುವುದು. ಉಳಿದುದನ್ನು ಅಳೆದು ಮದ್ಯಸಾರವನ್ನು ಲೆಕ್ಕಹಾಕುವುದು. ಈಥರ್, ಅಸಿಟೋನ್‌ಗಳೂ ಹೀಗೆಯೇ ವರ್ತಿಸುವುದು ಇದರ ದೋಷ. ಇದಕ್ಕಿಂತ ಮುಖ್ಯವಾದ ಮಾತೊಂದುಂಟು: ರಕ್ತವು ಪ್ರಮಾಣವನ್ನು ಹೇಳೀತೇ ಹೊರತು ಮೂಲವನ್ನು ಹೇಳದು. ಕಳ್ಳಿನದೋ ಅರಿಷ್ಟದ್ದೋ ಎಂಬ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಮುಂಬಯಿ ವಿಧಾನಮಂಡಲವು ಉತ್ತರವನ್ನು ಶಾಸನದಿಂದಲೇ ಒದಗಿಸಿತು. 1959ರ ತಿದ್ದುಪಡಿಯಂತೆ ರಕ್ತದಲ್ಲಿ ಶೇಕಡಾ 0.05ಕ್ಕೆ ಕಡಮೆಯಿಲ್ಲದಷ್ಟು ಮದ್ಯಸಾರವಿದ್ದರೆ, ಅದು ಔಷಧದಿಂದ ಬಂದುದೆಂದು ತೋರಿಸುವ ಹೊಣೆ ಆರೋಪಿಯದಾಯಿತು. ವಿಜ್ಞಾನದ ಹೆಸರಿನಲ್ಲಿ ನಡೆದುದು ಹೊಣೆಯ ವರ್ಗಾವಣೆಯೆಂದೇ ನಮ್ಮ ಅಭಿಪ್ರಾಯ.

ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಈ ಮೂರು ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿಬಿಟ್ಟಿದ್ದುವು. ಮೂಲ ಶಾಸನವು ಇವುಗಳನ್ನು ಹಿಂಬಾಲಿಸಿ ಬಂದರೂ ಮುಂಬಯಿಯ ಹೊಸ ತಿದ್ದುಪಡಿಯು ಇಲ್ಲಿಗೆ ತಾಗುವಂತಿರಲಿಲ್ಲ. ಧೂಳಿಯಾದ ಕಡೆಯ ಉಖಾ ಕೋಲ್ಹೆ ಮೊಕದ್ದಮೆಯಲ್ಲಿ ರಕ್ತದ ಶೀಸೆಯನ್ನು ಪರೀಕ್ಷಕರಿಗೆ ತಲಪುವ ಮುನ್ನ ಹೇಗೆ ಕಾಪಾಡಿದ್ದರೆಂಬ ಚರ್ಚೆ 1963ರಲ್ಲಿ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋದಾಗ, ಶಿರಸಿ ಸೀಮೆಯವರು ಬೇರೊಂದು ರಾಜ್ಯದ ಪ್ರಜೆಗಳು. 1967ರಲ್ಲಿ ಮೈಸೂರು ರಾಜ್ಯವು ಪಾನನಿರೋಧವನ್ನೇ ಕೈಬಿಟ್ಟಿತು.

ಮುಂದೆ ರಕ್ತದ ಅಳತೆ ಈ ಸೀಮೆಗೆ ಬಂದುದು ವಾಹನಗಳ ಶಾಸನದ ದಾರಿಯಿಂದ. 1988ರ ಮೋಟಾರು ವಾಹನ ಅಧಿನಿಯಮದಂತೆ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಕೂಡದು. ಅರಬೈಲು ಘಟ್ಟವನ್ನಿಳಿಯುವ ಚಾಲಕನ ರಕ್ತದಲ್ಲಿ ಎಷ್ಟಿದೆಯೆಂದು ಅದು ಕೇಳುತ್ತದೆ. ಎಲ್ಲಿಂದ ಬಂದಿತೆಂದು ಕೇಳುವುದಿಲ್ಲ.