‘ಗುಡಿ’ ಶಬ್ದದ ಅರ್ಥದ್ವಯ ವಿಚಾರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರಾಂತಗಳಲ್ಲಿ ದೇವಾಲಯಕ್ಕೆ ‘ಗುಡಿ’ ಎಂಬುದೇ ರೂಢಿಯ ಹೆಸರು. ಹನುಮಪ್ಪನ ಗುಡಿ, ದ್ಯಾಮವ್ವನ ಗುಡಿ ಎಂದೇ ಜನರ ಮಾತು. 1956ರವರೆಗೆ ಮುಂಬಯಿ ಆಧಿಪತ್ಯದಲ್ಲಿದ್ದ ಈ ಸೀಮೆಯ ಮರಾಠೀ ಮನೆತನಗಳಲ್ಲಾದರೋ, ಚೈತ್ರ ಶುದ್ಧ ಪ್ರತಿಪದೆಯಂದು ಬಿದಿರುಗಳುವಿಗೆ ವಸ್ತ್ರವನ್ನೂ ಬೇವಿನ ಸೊಪ್ಪನ್ನೂ ಕಟ್ಟಿ, ತುದಿಯಲ್ಲಿ ತಂಬಿಗೆಯನ್ನು ಬೋರಲಿಟ್ಟು ಬಾಗಿಲಲ್ಲಿ ನಿಲ್ಲಿಸುವುದೇ ‘ಗುಢೀ’. ಒಂದು ಕಟ್ಟಡ, ಇನ್ನೊಂದು ಧ್ವಜ. ಉಚ್ಚಾರದಲ್ಲಿ ಮಹಾಪ್ರಾಣವೊಂದರ ಭೇದ ಮಾತ್ರ. ಇವೆರಡೂ ಒಂದೇ ಶಬ್ದವೆ?

ಈ ಪ್ರಶ್ನೆಗೆ ಉತ್ತರವು ಕನ್ನಡದೊಳಗೇ ಇರುವುದು. ಕುಮಾರವ್ಯಾಸನ ಭಾರತದಲ್ಲಿ ಹರ್ಷವಾರ್ತೆ ಬಂದೊಡನೆ ಪುರಜನರು ಗುಡಿ ಕಟ್ಟುವರು. ಇಲ್ಲಿ ದೇವಾಲಯವೆಂಬ ಅರ್ಥವನ್ನು ಹಿಡಿದರೆ, ಒಂದು ಗಳಿಗೆಯಲ್ಲಿ ಊರತುಂಬ ಕಲ್ಲುಕಟ್ಟಡಗಳು ಎದ್ದುವೆಂದು ಹೇಳಬೇಕಾದೀತು! ಅದು ಬಾವುಟವೇ ಸರಿ. ‘ಗುಡಿ ತೋರಣ’ ಎಂಬ ಜೋಡುನುಡಿಯಲ್ಲಿಯೂ ಅರ್ಥವಿದೇ. ಕಿಟ್ಟೆಲ್ ಪಂಡಿತನ 1894ರ ನಿಘಂಟಿನಲ್ಲಿ ಮನೆ-ದೇವಾಲಯದ ಗುಡಿಯೂ ಧ್ವಜದ ಗುಡಿಯೂ ಬೇರೆ ಬೇರೆ ಶಬ್ದಗಳಾಗಿಯೇ ಎಣಿಕೆಗೊಂಡಿವೆ. (ಮಕ್ಕಳು ಅಕ್ಷರಾಭ್ಯಾಸದಲ್ಲಿ ಕಲಿಯುವ ಗುಡಿಸಿನ ಮಾತು ಬೇರೆ.)

ಕಟ್ಟಡದ ಗುಡಿಗೆ ತಮಿಳಿನ ‘ಕುಡಿ’ (ಮನೆ, ಒಕ್ಕಲು), ತೆಲುಗಿನ ‘ಗುಡಿ’, ಕನ್ನಡದ ‘ಗುಡಿಸಲು’ ಇವು ಬಂಧುಗಳು. ಸಂಸ್ಕೃತದ ‘ಕುಟೀ’ ಶಬ್ದದ ತದ್ಭವವಿದೆಂದು ಹೇಳುವುದು ಶಾಸ್ತ್ರಿಗಳ ವಾಡಿಕೆ. ಬರೋ ಮೊದಲಾದ ಭಾಷಾಶಾಸ್ತ್ರಜ್ಞರು ‘ಕುಟೀ’ಯೇ ದ್ರಾವಿಡದಿಂದ ಹೋದುದೆನ್ನುವರು. ದಕ್ಷಿಣದ ಭಾಷೆಗಳಲ್ಲಿ ಈ ಧಾತುವಿಗಿರುವ ವಿಸ್ತಾರವನ್ನು ನೋಡಿದರೆ ಎರಡನೆಯ ಪಕ್ಷವೇ ಬಲವತ್ತರ.

ಧ್ವಜದ ಗುಡಿಯ ವಂಶವೇ ಬೇರೆ. ತಮಿಳು ಮಲೆಯಾಳಗಳಲ್ಲಿ ‘ಕೊಡಿ’ ಎಂದರೆ ಬಾವುಟ, ಬಳ್ಳಿ. ಪರದಲ್ಲಿ ಇಕಾರವಿರಲು ಒಕಾರವು ಉಕಾರವಾಗುವುದು ಕನ್ನಡದ ನಿಯಮ. ಹಾಗಾಗಿ ‘ಕುಡಿ’, ಎಂದರೆ ಬಳ್ಳಿಯ ತುದಿ, ಚಿಗುರು. ಆದಿವರ್ಣವು ಸಡಿಲಿ ‘ಗುಡಿ’. ತುದಿಯಿಂದ ಕೋಲಿನ ತುದಿಗೂ, ಅಲ್ಲಿಂದ ಪತಾಕೆಗೂ ಅರ್ಥವು ಹರಿಯಿತು.

ಮರಾಠಿಯಲ್ಲಿ ‘ಗುಢೀ’ ಶಬ್ದವು 1290ರ ಜ್ಞಾನೇಶ್ವರಿಯಲ್ಲಿಯೇ ದೊರೆಯುವುದು. ಇಷ್ಟು ಪ್ರಾಚೀನವಾದುದರಿಂದ ಕನ್ನಡವೇ ಸಾಲ ಪಡೆಯಿತೆಂದು ವಾದಿಸುವವರಿಗೆ ಒಂದು ಮಾತು ಸಾಕು: ಮರಾಠಿಯ ನೆರಳು ಬೀಳದ ಕೇರಳದಲ್ಲಿ ‘ಕೊಡಿ’ ಬಾವುಟವಾದುದು ಹೇಗೆ? ಮಹಾಪ್ರಾಣವೊಂದೇ ಎದುರುಪಕ್ಷಕ್ಕೆ ಉಳಿಯುವ ಆಧಾರ. ದೇಶ್ಯ ದ್ರಾವಿಡ ಶಬ್ದಗಳಲ್ಲಿ ಮಹಾಪ್ರಾಣವಿಲ್ಲವಾದುದರಿಂದ ಅದು ಮರಾಠಿಯಲ್ಲಿಯೇ ಸೇರಿರಬೇಕು. ಆದರೆ ಮರಾಠಿಗರ ಗುಢಿಯು ಕನ್ನಡಿಗರ ದೇವಾಲಯದಿಂದ ಹುಟ್ಟಿತೆಂದು ಕೆಲವರು ಹೇಳುವುದೂ ಅಷ್ಟೇ ನಿರಾಧಾರವು. ಆಡುನುಡಿಯಲ್ಲಿ ಬಾವುಟ, ಫಾರಸಿಯಿಂದ ಬಂದ ನಿಶಾನಿ ಇವು ಬಳಕೆಗೆ ಬಂದು ಗುಡಿಯ ಧ್ವಜಾರ್ಥವು ಮರೆಯಾದುದೇ ಈ ಭ್ರಾಂತಿಗೆ ಕಾರಣ.